ಒಂದು ಸೀಸನ್, ಒಬ್ಬ ಚಾಪ್ಲಿನ್: ನಮ್ಮ ವಾಲಿಬಾಲ್ ತಂಡ ಪಡೆದ ಸೇವೆಯ ವಿಮರ್ಶೆ

ಆಸ್ಪತ್ರೆಗೆ, ಸೈನ್ಯಕ್ಕೆ, ಜೈಲಿಗೆ ಚಾಪ್ಲಿನ್, ಅಂದರೆ ಪ್ರಾರ್ಥನೆಗೂ ಮನಸ್ಸಿನ ಆಸರೆಗೂ ಇರುವ ಧಾರ್ಮಿಕ ಸೇವಕರು, ಇರುತ್ತಾರೆ ಅನ್ನುವುದು ಬಹಳ ಜನಕ್ಕೆ ಗೊತ್ತು. ಆಟದ ತಂಡಕ್ಕೂ ಒಬ್ಬರಿದ್ದಾರೆ ಅಂದರೆ ಕೇಳಿದವರು ಎರಡರಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ. "ಗೆಲ್ಲಲಿ ಅಂತ ಪ್ರಾರ್ಥನೆ ಮಾಡೋಕಾ?" ಇಲ್ಲವೇ "ಧರ್ಮಪ್ರಚಾರಕ್ಕಾ?" ಕಳೆದ ಸೀಸನ್ ಪೂರ್ತಿ ಈ ಸೇವೆಯನ್ನು ಹತ್ತಿರದಿಂದ ನೋಡಿದ್ದೇನೆ. ತೆಗೆದುಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಕ್ಲಬ್‌ಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಮಹಿಳೆಯರ ವಾಲಿಬಾಲ್ ತಂಡವೊಂದರ ಮ್ಯಾನೇಜರ್. ಅದಕ್ಕೂ ಮೊದಲು ಇದೇ ಲೀಗಿನಲ್ಲಿ ಸೆಟ್ಟರ್ ಆಗಿ, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳಾಗಿ, ಆಡಿದವಳು. ಕ್ರೈಸ್ತಳು. ಆದರೆ ನಮ್ಮದು ಕ್ರೈಸ್ತರ ಕ್ಲಬ್ ಅಲ್ಲ. ತಂಡದಲ್ಲಿ ಕ್ಯಾಥೊಲಿಕ್ ಹುಡುಗಿಯರಿದ್ದಾರೆ, ಪ್ರೊಟೆಸ್ಟೆಂಟರಿದ್ದಾರೆ, ಪೆಂಟೆಕೋಸ್ಟ್ ಸಭೆಗೆ ಹೋಗುವವರಿದ್ದಾರೆ, ಬೇರೆ ಧರ್ಮದವರಿದ್ದಾರೆ. ದೇವರೇ ಬೇಡ ಅನ್ನುವವಳು ಒಬ್ಬಳಿದ್ದಾಳೆ, ಬಲೆಯ ಮಧ್ಯೆ ನಿಂತು ಎದುರಾಳಿಯ ಹೊಡೆತ ತಡೆಯುವ ನಮ್ಮ ಅತ್ಯುತ್ತಮ ಮಿಡಲ್ ಬ್ಲಾಕರ್ ಅವಳೇ. ಇಂಥ ತಂಡಕ್ಕೆ ಕ್ರೈಸ್ತ ಸಂಸ್ಥೆಯೊಂದರ ಚಾಪ್ಲಿನ್ ಬರುತ್ತಾರೆ ಅಂದಾಗ ನನಗೇ ಅಳುಕಿತ್ತು. ತಂಡ ಒಡೆಯಲು ಧರ್ಮದ ಮಾತು ಒಂದೇ ಸಾಕು.

ಈ ಕೆಲಸ ಹೊಸದೇನಲ್ಲ. ಅಮೆರಿಕದಲ್ಲಿ ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಅಥ್ಲೀಟ್ಸ್ 1954ರಲ್ಲಿ ಶುರುವಾಯಿತು, ಅಥ್ಲೀಟ್ಸ್ ಇನ್ ಆ್ಯಕ್ಷನ್ 1966ರಲ್ಲಿ. ಬೇಸ್‌ಬಾಲ್ ತಂಡಗಳಿಗೆ ಚಾಪ್ಲಿನ್‌ಗಳನ್ನು ಒದಗಿಸುವ ಬೇಸ್‌ಬಾಲ್ ಚಾಪೆಲ್ 1973ರಿಂದ ಇದೆ. ಈಗ ಹಲವು ದೇಶಗಳಲ್ಲಿ, ಹಲವು ಆಟಗಳಲ್ಲಿ ಇಂಥ ಸಂಸ್ಥೆಗಳಿವೆ. ನಮಗೆ ಸೇವೆ ಕೊಟ್ಟದ್ದು ಇವುಗಳಲ್ಲಿ ಯಾವುದೂ ಅಲ್ಲ, ಒಂದು ಚಿಕ್ಕ ಸಂಸ್ಥೆ. ಹೆಸರು ಹಾಕುವುದಿಲ್ಲ, ಏಕೆಂದರೆ ಕೆಳಗೆ ಅವರ ಕೊರತೆಗಳನ್ನೂ ಬರೆಯುತ್ತಿದ್ದೇನೆ.

ಅವರು ಕೊಡುವುದು ಇಷ್ಟು. ವಾರಕ್ಕೊಮ್ಮೆ ಪ್ರಾಕ್ಟೀಸ್ ಮುಗಿದ ಮೇಲೆ ಅರ್ಧ ಗಂಟೆಯ ಕೂಟ, ಬರುವುದು ಬಿಡುವುದು ಆಟಗಾರ್ತಿಯರ ಇಷ್ಟ. ಪಂದ್ಯದ ದಿನ ಕೇಳಿದವರಿಗೆ ಮಾತ್ರ ಪ್ರಾರ್ಥನೆ. ಗಾಯಗೊಂಡವರ ಭೇಟಿ. ಯಾರಾದರೂ ಒಬ್ಬೊಬ್ಬರಾಗಿ ಮಾತಾಡಬೇಕೆಂದರೆ ಅದಕ್ಕೆ ಸಮಯ. ಜೊತೆಗೆ ಸೀಸನ್ನಿಗೊಂದು ಧ್ಯಾನದ ಕಿರುಪುಸ್ತಕ. ಶುಲ್ಕವಿಲ್ಲ, ಓಡಾಟದ ಖರ್ಚು ಮಾತ್ರ ಕ್ಲಬ್ಬಿನದು.

ಕಿರುಪುಸ್ತಕದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ: ನಮ್ಮವರಿಗೆ ಅದು ಹಿಡಿಸಲಿಲ್ಲ. ಪುಟ ತಿರುಗಿಸಿದಲ್ಲೆಲ್ಲ ಚಿನ್ನ ಗೆದ್ದವರ ಸಾಕ್ಷಿ. ಪ್ರಾರ್ಥಿಸಿದೆ, ಗೆದ್ದೆ. ಸೋತವರು, ತಂಡದಿಂದ ಕೈಬಿಟ್ಟವರು, ಎಡಬಿಡದೆ ಪ್ರಾರ್ಥಿಸಿಯೂ ಲೀಗಿನಲ್ಲಿ ಕೊನೆಯ ಸ್ಥಾನಕ್ಕಿಳಿದವರು ಅದರಲ್ಲಿಲ್ಲ. ಉದಾಹರಣೆಗಳೆಲ್ಲ ಅಮೆರಿಕನ್ ಫುಟ್‌ಬಾಲ್, ಓಟ, ಬೇಸ್‌ಬಾಲ್. ವಾಲಿಬಾಲ್ ತಂಡಕ್ಕೆ ಕೊಡುವ ಪುಸ್ತಕದಲ್ಲಿ ವಾಲಿಬಾಲ್ ಬಗ್ಗೆ ಒಂದು ಸಾಲಿಲ್ಲ. ಈ ಆಟ ಹುಟ್ಟಿದ್ದೇ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ವ್ಯಾಯಾಮಶಾಲೆಯಲ್ಲಿ! 1895ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಇದನ್ನು ರೂಪಿಸಿದರು. ನಾಲ್ಕು ವರ್ಷ ಮೊದಲು ಜೇಮ್ಸ್ ನೈಸ್ಮಿತ್ ಕಟ್ಟಿದ ಬಾಸ್ಕೆಟ್‌ಬಾಲ್ ನಡುವಯಸ್ಸಿನವರಿಗೆ ಕಷ್ಟವಾಗುತ್ತಿತ್ತು. ಮೈಗೆ ಮೈ ತಾಗದ, ನಡುವೆ ಬಲೆಯಿರುವ ಆಟವೊಂದು ಬೇಕಾಗಿತ್ತು. ವಯಸ್ಸಾದವರನ್ನೂ ಆಟದೊಳಗೆ ಉಳಿಸಿಕೊಳ್ಳಬೇಕೆಂದು ಹುಟ್ಟಿದ ಆಟ ಇದು. ತಂಡದ ಒಗ್ಗಟ್ಟಿನ ಬಗ್ಗೆ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಗುತ್ತದೆ? ಮುಂದಿನ ಮುದ್ರಣದಲ್ಲಾದರೂ ಸೇರಿಸಿ ಎಂದು ಪತ್ರ ಬರೆದಿದ್ದೇನೆ.

ಪುಸ್ತಕ ಸೋತಲ್ಲಿ ಚಾಪ್ಲಿನ್ ಗೆದ್ದರು. ಐವತ್ತು ದಾಟಿದ ಹೆಂಗಸು, ಹುಡುಗಿಯರೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಮೊದಲ ಕೂಟದಲ್ಲಿ ಬೈಬಲ್ ತೆರೆಯುವ ಮೊದಲೇ ಎರಡು ಮಾತು ಹೇಳಿದರು. ತಂಡದ ಆಯ್ಕೆಯಲ್ಲಿ ನನ್ನ ಪಾತ್ರ ಏನೂ ಇಲ್ಲ, ಕೋಚ್ ಕೇಳಿದರೂ ಅಭಿಪ್ರಾಯ ಕೊಡುವುದಿಲ್ಲ. ನೀವು ನನ್ನ ಹತ್ತಿರ ಆಡಿದ ಮಾತು ನನ್ನಲ್ಲೇ ಉಳಿಯುತ್ತದೆ, ಯಾರ ಜೀವಕ್ಕಾದರೂ ಅಪಾಯವಿದೆ ಅನ್ನಿಸಿದರೆ ಮಾತ್ರ ಸುಮ್ಮನಿರುವುದಿಲ್ಲ.

ಇದನ್ನು ಕೋಚ್ ಪರೀಕ್ಷಿಸದೆ ಬಿಡಲಿಲ್ಲ. ನಮ್ಮ ಮುಖ್ಯ ಅಟ್ಯಾಕರ್ ಕೆಲವು ವಾರ ಮಂಕಾಗಿದ್ದಳು. ಅವಳು ಅಕ್ಕನ ಜೊತೆ ಬಹಳ ಹೊತ್ತು ಮಾತಾಡಿದ್ದನ್ನು ಕೋಚ್ ನೋಡಿದ್ದರು. "ಏನಂತೆ ಅವಳಿಗೆ? ಬೇರೆ ಕ್ಲಬ್‌ಗೆ ಹೋಗ್ತಾಳಂತಾ?" ಎಂದು ನನ್ನೆದುರೇ ಕೇಳಿದರು. ಅಕ್ಕ, "ಸರ್, ಅದನ್ನ ನೀವು ಅವಳನ್ನೇ ಕೇಳಿ. ಕೇಳಿದ್ರೆ ಅವಳಿಗೆ ಸಂತೋಷ ಆಗುತ್ತೆ" ಎಂದು ಹೇಳಿ ಬೇರೆ ಮಾತಿಗೆ ಹೋದರು. ಕೋಚಿಗೆ ಸಿಟ್ಟು ಬಂತು. ಆದರೆ ಈ ಸೇವೆ ನಿಂತಿರುವುದೇ ಇದರ ಮೇಲೆ. ಆಟಗಾರ್ತಿಗೆ ಸುತ್ತಮುತ್ತ ಇರುವವರೆಲ್ಲ ಅವಳನ್ನು ಅಳೆಯುವವರೇ: ಕೋಚ್, ನಾನು, ಫಿಸಿಯೊ, ಮನೆಯವರು, ಕೊನೆಗೆ ಅವಳ ಜಾಗಕ್ಕೆ ಕಾದಿರುವ ಗೆಳತಿ. ಅಳೆಯದ ಒಬ್ಬರು ಬೇಕು. ಚಾಪ್ಲಿನ್ ಒಮ್ಮೆ ಬಾಯಿಬಿಟ್ಟರೆ ಅವರೂ ಕೋಚಿನ ಕಿವಿಯೇ ಆಗಿಬಿಡುತ್ತಾರೆ.

ಈಗ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ. ವಾಲಿಬಾಲ್ ನೋಡುವವರಿಗೆ ಗೊತ್ತಿರುತ್ತದೆ: ಎದುರು ತಂಡದವಳು ಹೊಡೆದ ಚೆಂಡು ಬ್ಲಾಕ್ ಮಾಡುವವಳ ಬೆರಳ ತುದಿಗೆ ತಾಗಿ ಹೊರಗೆ ಬಿದ್ದರೆ ಪಾಯಿಂಟ್ ಅವರದು, ತಾಗದೆ ಬಿದ್ದರೆ ನಮ್ಮದು. ಎಷ್ಟೋ ಸಲ ಆ ಸ್ಪರ್ಶ ರೆಫರಿಗೆ ಕಾಣುವುದಿಲ್ಲ. ನಮ್ಮಂಥ ಲೀಗಿನಲ್ಲಿ ವಿಡಿಯೊ ಚಾಲೆಂಜ್ ಇಲ್ಲ. ತಾಗಿತೋ ಇಲ್ಲವೋ ಎಂದು ಖಚಿತವಾಗಿ ಗೊತ್ತಿರುವುದು ಆ ಬೆರಳಿನವಳಿಗೆ ಮಾತ್ರ. ಅವಳು ಏನು ಮಾಡಬೇಕು?

ಅಕ್ಕ ಒಂದು ಕೂಟವನ್ನು ಪೂರ್ತಿ ಇದಕ್ಕೇ ಇಟ್ಟರು. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ನಿನ ನಿಯಮಪುಸ್ತಕ. ತಂಡ ಮಾಡಿದ ತಪ್ಪನ್ನು ಮುಚ್ಚಿಡುವಂಥ ವರ್ತನೆಯಿಂದ ಆಟಗಾರರು ದೂರವಿರಬೇಕು ಎಂದು ಆ ನಿಯಮಗಳಲ್ಲೇ ಬರೆದಿದೆ. ಇಷ್ಟು ವರ್ಷ ಆಡಿದ, ಆಡಿಸಿದ ನಮ್ಮಲ್ಲಿ ಯಾರೂ ಆ ಸಾಲನ್ನು ಗಟ್ಟಿಯಾಗಿ ಓದಿರಲಿಲ್ಲ. ಆಮೇಲೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮಾತು: ನಿಯಮದಂತೆ ಹೋರಾಡದ ಹೊರತು ಜಟ್ಟಿಗೆ ಕಿರೀಟವಿಲ್ಲ. 2023ರ ವಾಲಿಬಾಲ್ ನೇಷನ್ಸ್ ಲೀಗಿನಲ್ಲಿ ತಪ್ಪು ಒಪ್ಪಿಕೊಂಡ ಆಟಗಾರರಿಗೆ ರೆಫರಿ ಹಸಿರು ಕಾರ್ಡ್ ತೋರಿಸುವ ಪದ್ಧತಿ ಬಂದದ್ದನ್ನೂ ಹೇಳಿದರು. ಉಪದೇಶ ಅಷ್ಟಕ್ಕೇ ಮುಗಿಯಿತು. "ನೀವೇನು ಮಾಡ್ತೀರಿ?" ಅಂದರು. ಯಾರೂ ಉತ್ತರಿಸಲಿಲ್ಲ. ಅವರೂ ಒತ್ತಾಯಿಸಲಿಲ್ಲ.

ಮೂರು ವಾರ ಕಳೆದಿರಬಹುದು. ಬಿಗಿಯಾದ ಪಂದ್ಯ, ನಾಲ್ಕನೆಯ ಸೆಟ್, ಎರಡೂ ಕಡೆ ಇಪ್ಪತ್ಮೂರು. ಎದುರಿನವಳ ಹೊಡೆತ ಉದ್ದಕ್ಕೆ ಹೋಗಿ ಹೊರಬಿತ್ತು, ರೆಫರಿ ಪಾಯಿಂಟ್ ನಮಗೆ ಕೊಟ್ಟರು. ನಮ್ಮ ಕಿರಿಯ ಆಟಗಾರ್ತಿ, ಆ ವರ್ಷವಷ್ಟೇ ತಂಡಕ್ಕೆ ಬಂದವಳು, ಬಲೆಯ ಹತ್ತಿರ ನಿಂತು ತನ್ನ ಬೆರಳು ಮುಟ್ಟಿ ತೋರಿಸಿದಳು. ಪಾಯಿಂಟ್ ಅವರ ಪಾಲಾಯಿತು. ಸೆಟ್ ಹೋಯಿತು. ಐದನೆಯ ಸೆಟ್ಟಿನಲ್ಲಿ ಪಂದ್ಯವೂ ಹೋಯಿತು.

ಡ್ರೆಸ್ಸಿಂಗ್ ರೂಮಿನಲ್ಲಿ ಆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ಇಂಥ ಸೇವೆಯ ಬೆಲೆ ತಿಳಿಯುವುದು ಅಲ್ಲಿಯೇ. ಹಿರಿಯ ಆಟಗಾರ್ತಿಯೊಬ್ಬಳು, ಅವಳೂ ಭಕ್ತಿವಂತೆಯೇ, ಆ ಹುಡುಗಿಯ ಮುಖಕ್ಕೇ ಕೇಳಿದಳು: "ನಿನ್ನ ಮನಸ್ಸಾಕ್ಷಿ ನಿರಾಳವಾಗಿರಲಿ ಅಂತ ನಾವೆಲ್ಲ ಯಾಕೆ ಸೋಲಬೇಕು? ಆ ಪಾಯಿಂಟ್ ನಿನ್ನೊಬ್ಬಳದಾ?" ಹುಡುಗಿ ಅತ್ತಳು. ಕೆಲವರು ಅವಳ ಪಕ್ಕ ಹೋಗಿ ಕೂತರು, ಕೆಲವರು ಬ್ಯಾಗ್ ಎತ್ತಿಕೊಂಡು ಹೊರಟರು. ಸುಳ್ಳು ಹೇಳಿದ್ದರೆ ಒಗ್ಗಟ್ಟಾಗಿರುತ್ತಿದ್ದ ತಂಡ, ನಿಜ ಹೇಳಿದ್ದಕ್ಕೆ ಎರಡಾಗಿತ್ತು.

ಸತ್ಯಕ್ಕೆ ಜಯ, ಹುಡುಗಿ ಮಾಡಿದ್ದೇ ಸರಿ ಎಂದು ಚಪ್ಪಾಳೆ ತಟ್ಟಿಸಿ ಮುಗಿಸಲು ಬೇರೆ ಯಾರಿಗಾದರೂ ಇದೇ ಅವಕಾಶವಾಗಿರುತ್ತಿತ್ತು. ಅಕ್ಕ ಮುಂದಿನ ಕೂಟದಲ್ಲಿ ಹಾಗೆ ಮಾಡಲಿಲ್ಲ. ಮೊದಲು ಆ ಹಿರಿಯಳನ್ನೇ ಮಾತಾಡಲು ಕೇಳಿದರು. "ನಿನ್ನ ಪ್ರಶ್ನೆ ಸರಿಯಾದ ಪ್ರಶ್ನೆ" ಅಂದರು. ಓಟಗಾರ ಒಪ್ಪಿಕೊಂಡರೆ ಸೋಲುವವನು ಅವನೊಬ್ಬ. ತಂಡದ ಆಟದಲ್ಲಿ ಒಬ್ಬಳ ಸತ್ಯಕ್ಕೆ ಎಲ್ಲರೂ ತೆರುತ್ತಾರೆ. ತೆರುವವರನ್ನು ಕೇಳದೆ ತೆರಿಸುವುದೂ ಹಗುರ ವಿಷಯವಲ್ಲ. ಅಂದಮೇಲೆ ಇದನ್ನು ತೀರ್ಮಾನಿಸಬೇಕಾದವರು ನೀವೆಲ್ಲ ಒಟ್ಟಿಗೆ, ಪಂದ್ಯ ಶುರುವಾಗುವ ಮೊದಲೇ, ಇಪ್ಪತ್ಮೂರು-ಇಪ್ಪತ್ಮೂರರಲ್ಲಿ ಒಬ್ಬ ಹುಡುಗಿಯ ತಲೆ ಮೇಲೆ ಹಾಕಬೇಡಿ ಎಂದರು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಓದಿಸಿದರು, ಪ್ರತಿಯೊಬ್ಬರೂ ತಮ್ಮದನ್ನಷ್ಟೇ ಅಲ್ಲದೆ ಇತರರ ಹಿತವನ್ನೂ ನೋಡಬೇಕೆನ್ನುವ ಭಾಗ. "ಇತರರು ಅಂದ್ರೆ ಎದುರು ತಂಡದವರೂ ಸೇರ್ತಾರಾ?" ಎಂದು ಯಾರೋ ಕೇಳಿದರು. ಆ ಸಂಜೆಯ ಚರ್ಚೆ ಅರ್ಧ ಗಂಟೆಗೆ ನಿಲ್ಲಲಿಲ್ಲ.

ನಮ್ಮ ದೇವರೊಲ್ಲದ ಬ್ಲಾಕರ್ ಅಂದು ಕೂಟಕ್ಕೆ ಬಂದಿದ್ದಳು. ಅವಳು ಕೇಳಿದ್ದು ಒಂದೇ. "ಇದು ಪ್ರಾರ್ಥನೆ ಮಾಡೋರಿಗೆ ಮಾತ್ರನಾ, ಎಲ್ಲರಿಗೂನಾ? ಎಲ್ಲರಿಗೂ ಅಂದ್ರೆ ನಾನೂ ಸೇರ್ತೀನಿ. ಅರ್ಧ ತಂಡ ಹೇಳೋದು, ಅರ್ಧ ತಂಡ ಮುಚ್ಚೋದು ಅಂದ್ರೆ ಬೇಡ." ಕಡೆಗೆ ತಂಡ ಒಂದು ಒಪ್ಪಂದಕ್ಕೆ ಬಂತು: ತಾಗಿದ್ದು ಖಚಿತವಾಗಿ ಗೊತ್ತಿದ್ದರೆ ಹೇಳುವುದು, ಅನುಮಾನವಿದ್ದರೆ ರೆಫರಿ ತೀರ್ಪಿಗೆ ಬಿಡುವುದು, ಹೇಳಿದವಳನ್ನು ಆಮೇಲೆ ಯಾರೂ ಒಂದು ಮಾತೂ ಅನ್ನಕೂಡದು. ಕೋಚ್ ಒಪ್ಪಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಒಪ್ಪಂದದ ಮೇಲೆ ನಾವು ಕಳೆದುಕೊಂಡ ಪಾಯಿಂಟುಗಳಿವೆ. ಅದಕ್ಕೆ ಬದಲಾಗಿ ರೆಫರಿಗಳು ನಮ್ಮ ಕಡೆ ಒಲಿದರು ಅನ್ನುವಂಥದ್ದೇನೂ ಆಗಲಿಲ್ಲ. ನಾನು ಕಂಡದ್ದು ಬೇರೆ. ಪ್ರಾಕ್ಟೀಸಿನಲ್ಲಿ ಯಾರ ತಪ್ಪು ಎಂಬ ಜಗಳ ಕಡಿಮೆಯಾಯಿತು. ಪಾಸ್ ಕೆಟ್ಟಾಗ "ನಂದು" ಎಂಬ ಕೂಗು ಬೇಗ ಬರತೊಡಗಿತು. ತಪ್ಪನ್ನು ಎದುರಾಳಿಗೇ ಒಪ್ಪಿಸಲು ಕಲಿತವರಿಗೆ ಗೆಳತಿಯರ ಮುಂದೆ ಒಪ್ಪುವುದು ಅಷ್ಟು ಕಷ್ಟವಾಗಲಿಲ್ಲ.

ಬೆಂಚಿನ ವಿಷಯಕ್ಕೆ ಬರುತ್ತೇನೆ. ಅಂಕಣದಲ್ಲಿ ಆರು ಜನ. ತಂಡದ ಪಟ್ಟಿಯಲ್ಲಿ ಹದಿನಾಲ್ಕರವರೆಗೆ. 5-1 ಪದ್ಧತಿಯಲ್ಲಿ, ಅಂದರೆ ಐವರು ಹೊಡೆಯುವವರನ್ನಿಟ್ಟು, ಆಡುವ ತಂಡದಲ್ಲಿ ಸೆಟ್ಟರ್ ಒಬ್ಬಳೇ, ಎರಡನೆಯ ಸೆಟ್ಟರ್ ಸೀಸನ್ ಪೂರ್ತಿ ಪಕ್ಕದಲ್ಲಿ ನಿಂತು ಚಪ್ಪಾಳೆ ಹೊಡೆಯಬೇಕಾಗಬಹುದು. ನಾನು ಆ ಜಾಗದಲ್ಲಿ ನಿಂತವಳು, ಆ ಚಪ್ಪಾಳೆಯ ಒಳಗೆ ಏನಿರುತ್ತದೆ ಎಂದು ಬಲ್ಲೆ. ಮೊದಲ ಸೆಟ್ಟರ್ ಒಂದು ಚೆಂಡು ಕೆಡಿಸಲಿ ಎಂದು ಮನಸ್ಸಿನ ಮೂಲೆಯೊಂದು ಕಾಯುತ್ತಿರುತ್ತದೆ. ಅಳುವವರ ಜೊತೆ ಅಳಿರಿ, ಸಂತೋಷಪಡುವವರ ಜೊತೆ ಸಂತೋಷಪಡಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಕ್ರೀಡೆಯಲ್ಲಿ ಎರಡನೆಯದೇ ಕಠಿಣ.

ಅಕ್ಕ ಪಂದ್ಯದ ದಿನಗಳಲ್ಲಿ ಗ್ಯಾಲರಿಯಲ್ಲಿ ಕೂತು ಆರು ಜನರನ್ನು ನೋಡುತ್ತಿರಲಿಲ್ಲ, ಹೊರಗೆ ನಿಂತವರನ್ನು ನೋಡುತ್ತಿದ್ದರು. ನಮ್ಮ ಎರಡನೆಯ ಸೆಟ್ಟರಿಗೆ "ದೇವರ ಸಮಯ ಬರುತ್ತೆ" ಎಂದು ಸಮಾಧಾನ ಹೇಳಲಿಲ್ಲ. ಬರದೆಯೂ ಇರಬಹುದು, ಅದು ಅವರಿಗೆ ಗೊತ್ತಿತ್ತು. "ಹೊರಗಿಂದ ನಿನಗೇನು ಕಾಣುತ್ತೆ?" ಎಂದು ಕೇಳಿದರು. ಅವಳಿಗೆ ಬಹಳ ಕಾಣುತ್ತಿತ್ತು! ಎದುರಿನ ಮಿಡಲ್ ಬ್ಲಾಕರ್ ಚೆಂಡು ಮೇಲೇಳುವ ಮೊದಲೇ ಹಾರುತ್ತಾಳೆ, ಹಿಂದಿನ ಮೂಲೆಯಲ್ಲಿ ಯಾರೂ ಇರುವುದಿಲ್ಲ, ಇಂಥವು. "ಅದನ್ನ ಅವಳಿಗೆ ಹೇಳಿದೀಯಾ?" ಹೇಳಿರಲಿಲ್ಲ. ತನ್ನ ಜಾಗದಲ್ಲಿ ಆಡುವವಳು ಇನ್ನೂ ಚೆನ್ನಾಗಿ ಆಡಲು ಯಾರು ತಾನೇ ಸಹಾಯ ಮಾಡುತ್ತಾರೆ? ಒಂದು ಟೈಮ್‌ಔಟಿನಲ್ಲಿ ಅವಳು ಹೋಗಿ ಮೊದಲ ಸೆಟ್ಟರಿನ ಕಿವಿಯಲ್ಲಿ ಏನೋ ಹೇಳಿದ್ದನ್ನು ನಾನು ನೋಡಿದೆ. ಅವರಿಬ್ಬರೂ ಅಲ್ಲಿಯವರೆಗೆ ಅಂಕಣದ ಹೊರಗೆ ಮಾತಾಡುತ್ತಿದ್ದುದೇ ಅಪರೂಪ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೆರಡನೆಯ ಅಧ್ಯಾಯ, ದೇಹದಲ್ಲಿ ಬಲಹೀನವೆಂದು ತೋರುವ ಅಂಗವೇ ಅತ್ಯಗತ್ಯ ಎನ್ನುವುದು, ಚರ್ಚಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ನನಗೆ ನಿಜವಾಗಿ ತಿಳಿದದ್ದು ಆ ಟೈಮ್‌ಔಟಿನಲ್ಲಿ.

ಸೀಸನ್ನಿನ ಮಧ್ಯದಲ್ಲಿ ನಮ್ಮ ಆಟಗಾರ್ತಿಯೊಬ್ಬಳ ಮೊಣಕಾಲಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಮೊದಲ ವಾರ ಎಲ್ಲರೂ ಹೋಗಿ ನೋಡಿ ಬಂದರು. ನಾಲ್ಕನೆಯ ವಾರ ಹೋದವರು ಅಕ್ಕ ಮಾತ್ರ. 2016ರ ರಿಯೊ ಒಲಿಂಪಿಕ್ಸ್‌ನ 5000 ಮೀಟರ್ ಓಟದ ಆರಂಭಿಕ ಸುತ್ತಾದ ಹೀಟ್ಸ್‌ನಲ್ಲಿ ನ್ಯೂಜಿಲೆಂಡಿನ ನಿಕ್ಕಿ ಹ್ಯಾಂಬ್ಲಿನ್ ಮತ್ತು ಅಮೆರಿಕದ ಆ್ಯಬಿ ಡಿ'ಅಗೊಸ್ಟಿನೊ ಡಿಕ್ಕಿಯಾಗಿ ಬಿದ್ದು, ಒಬ್ಬರನ್ನೊಬ್ಬರು ಎಬ್ಬಿಸಿ ಓಡಿಸಿದ ಕಥೆ ಎಲ್ಲರೂ ಹೇಳುತ್ತಾರೆ. ಆ ಕ್ಷಣ ತಾನು ಹಾಗೆ ನಡೆದುಕೊಂಡದ್ದಕ್ಕೆ ತನ್ನ ದೇವರೇ ಕಾರಣ ಎಂದು ಡಿ'ಅಗೊಸ್ಟಿನೊ ಹೇಳಿದ್ದೂ ಪ್ರಸಿದ್ಧ. ಅಕ್ಕ ನಮ್ಮ ಹುಡುಗಿಗೆ ಹೇಳಿದ್ದು ಅದರ ಮುಂದಿನ ಭಾಗ. ಇಬ್ಬರಿಗೂ ಫೈನಲ್‌ನಲ್ಲಿ ಜಾಗ ಕೊಟ್ಟರೂ ಡಿ'ಅಗೊಸ್ಟಿನೊಗೆ ಓಡಲಾಗಲಿಲ್ಲ, ಅವರ ಮೊಣಕಾಲಿನ ಲಿಗಮೆಂಟೂ ಹರಿದಿತ್ತು. ಜಗತ್ತು ಹೊಗಳುತ್ತಿದ್ದಾಗ ಅವರು ಊರುಗೋಲಿನ ಮೇಲಿದ್ದರು. ಆಟವಿಲ್ಲದ ದಿನಗಳಲ್ಲಿ ನಾನು ಯಾರು ಎಂಬ ಪ್ರಶ್ನೆಯನ್ನು ಹಾಗೆಯೇ ಎದುರಿಸಲು ಬಿಟ್ಟದ್ದು ನಮ್ಮ ಹುಡುಗಿಗೆ ಸಹಾಯವಾಯಿತು ಎಂದು ಅವಳೇ ಹೇಳಿದ್ದಾಳೆ. ಫಿಸಿಯೊ ಮೊಣಕಾಲು ನೋಡಿಕೊಳ್ಳುತ್ತಿದ್ದರು, ಇದನ್ನು ನೋಡಿಕೊಳ್ಳಲು ಕ್ಲಬ್ಬಿನಲ್ಲಿ ಬೇರೆ ಯಾರೂ ಇರಲಿಲ್ಲ.

ಇನ್ನು ಕೊರತೆಗಳು. ನಾಕ್‌ಔಟ್ ಪಂದ್ಯದ ದಿನ ಅಕ್ಕನಿಗೆ ಬರಲಾಗಲಿಲ್ಲ, ಸಂಸ್ಥೆ ಬೇರೊಬ್ಬರನ್ನು ಕಳುಹಿಸಿತು. ಆತ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ, ಯಾರನ್ನೂ ಕೇಳದೆ, ಎದುರಾಳಿಗಳನ್ನು ನಮ್ಮ ಕಾಲ ಕೆಳಗೆ ಹಾಕು ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಕಣ್ಣು ಮುಚ್ಚದೆ ನಿಂತಿದ್ದ ಇಬ್ಬರನ್ನು "ಈ ಹೊತ್ತಲ್ಲಾದರೂ ನಂಬಿ" ಎಂದರು. ಒಂದು ಸೀಸನ್ನಿನ ಕೆಲಸಕ್ಕೆ ಎರಡು ನಿಮಿಷದಲ್ಲಿ ಬಿರುಕು ಬಿತ್ತು. ಗೋಡೆಯ ಆಚೆ ಇದ್ದ ತಂಡದಲ್ಲೂ ಅದೇ ಹೊತ್ತಿಗೆ ಪ್ರಾರ್ಥಿಸುತ್ತಿದ್ದ ಹುಡುಗಿಯರಿದ್ದರು, ಅದರಲ್ಲೊಬ್ಬಳು ನಮ್ಮ ಲಿಬೆರೊ (ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಆಡುವವಳು) ಹೋಗುವ ಸಭೆಗೇ ಹೋಗುವವಳು. ಅವರೂ ಕ್ರಿಸ್ತನ ದೇಹದ ಅಂಗಗಳೇ. ಅವರ ಸೋಲನ್ನು ದೇವರ ಮುಂದೆ ಬೇಡುವ ಪ್ರಾರ್ಥನೆ ನನಗೆ ಒಪ್ಪಿಗೆಯಿಲ್ಲ. ಗಾಯವಾಗದಿರಲಿ, ಕೈಲಾದಷ್ಟು ಚೆನ್ನಾಗಿ ಆಡಲಿ, ಸೋತರೂ ಗೆದ್ದರೂ ಮನುಷ್ಯರಾಗಿ ಹೊರಬರಲಿ ಎಂದು ಅಕ್ಕ ಕೇಳಿಕೊಳ್ಳುತ್ತಿದ್ದರು, ಅದೂ ಪಕ್ಕದ ಕೋಣೆಯಲ್ಲಿ, ಬಂದವರ ಜೊತೆ ಮಾತ್ರ.

ನಾನು ಲಿಖಿತ ದೂರು ಕೊಟ್ಟೆ. ಸಂಸ್ಥೆ ಅದನ್ನು ಸಮರ್ಥಿಸಿಕೊಳ್ಳದೆ ಆ ಇಬ್ಬರು ಆಟಗಾರ್ತಿಯರ ಕ್ಷಮೆ ಕೇಳಿತು. ಒಳ್ಳೆಯದೇ. ಆದರೂ ಬದಲಿಗೆ ಬರುವವರಿಗೆ ತರಬೇತಿಯಿಲ್ಲ ಎನ್ನುವುದು ದೊಡ್ಡ ದೋಷ. ಬರುವುದು ಬಿಡುವುದು ಇಷ್ಟ ಎಂದು ಕಾಗದದ ಮೇಲೆ ಬರೆದರೆ ಸಾಲದು. ಅಮೆರಿಕದಲ್ಲಿ ಬ್ರೆಮರ್ಟನ್ ಶಾಲೆಯ ಫುಟ್‌ಬಾಲ್ ಕೋಚ್ ಪಂದ್ಯದ ನಂತರ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2022ರಲ್ಲಿ 6-3ರ ಬಹುಮತದಿಂದ ಕೋಚಿನ ಪರವಾಯಿತು. ನನಗೆ ಮುಖ್ಯವೆನಿಸುವುದು ತೀರ್ಪನ್ನು ಒಪ್ಪದ ಮೂವರು ನ್ಯಾಯಾಧೀಶರು ಎತ್ತಿದ ಆತಂಕ: ಆಡಿಸುವ ಅಧಿಕಾರ ಇರುವವನು ಪ್ರಾರ್ಥಿಸಿದಾಗ ಆಡಬೇಕಾದವನಿಗೆ ದೂರ ನಿಲ್ಲುವ ಧೈರ್ಯ ಎಲ್ಲಿಂದ ಬರಬೇಕು? ಪ್ರಾರ್ಥನೆಯನ್ನು ನಾನು ಪ್ರೀತಿಸುವುದರಿಂದಲೇ ಅದು ತಂಡದಿಂದ ಕೈಬಿಟ್ಟಾರೆಂಬ ಭಯದಿಂದ ನಡೆಯಬಾರದು ಅನ್ನುತ್ತೇನೆ. ಚಾಪ್ಲಿನ್‌ಗೆ ಆ ಅಧಿಕಾರ ಇಲ್ಲದಿರುವುದೇ ಈ ಸೇವೆಯ ಬಲ, ಬದಲಿಗೆ ಬಂದವರು ಅದನ್ನೇ ಬಿಟ್ಟುಕೊಟ್ಟರು.

ಭಾನುವಾರದ ಪ್ರಶ್ನೆಯನ್ನು ಅಕ್ಕ ನಿಭಾಯಿಸಿದ ಬಗೆ ಮಾತ್ರ ನನಗೆ ಬಹಳ ಹಿಡಿಸಿತು. ನಮ್ಮ ಒಬ್ಬ ಆಟಗಾರ್ತಿ ಭಾನುವಾರ ದೇವರ ದಿನವೆಂದು ಆಡುವುದಿಲ್ಲ, ಉಳಿದ ಕ್ರೈಸ್ತ ಹುಡುಗಿಯರು ಆಡುತ್ತಾರೆ. ಇಂಥಲ್ಲಿ ಸಾಮಾನ್ಯವಾಗಿ ಬ್ರಿಟನ್ನಿನ ಕ್ರೈಸ್ತ ಓಟಗಾರ ಎರಿಕ್ ಲಿಡೆಲ್ ಹೆಸರು ಬರುತ್ತದೆ: 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೀಟ್ಸ್ ಭಾನುವಾರ ಬಂತೆಂದು 100 ಮೀಟರ್ ಬಿಟ್ಟರು, 400 ಮೀಟರ್‌ನಲ್ಲಿ 47.6 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಹೀಗೆ ಹೇಳಿದರೆ ಅದು ಬಹುಮಾನದ ಕಥೆಯಾಗುತ್ತದೆ. ಅಕ್ಕ ಅದರ ಹಿಂದುಮುಂದನ್ನೂ ಹೇಳಿದರು. ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಾಗಿತ್ತು, ಲಿಡೆಲ್ ತಮ್ಮ ನಿಲುವನ್ನು ಮುಂಚೆಯೇ ತಿಳಿಸಿ 400 ಮೀಟರ್‌ಗೆ ಅಭ್ಯಾಸ ಮಾಡಿದರು. ಕೊನೆ ಗಳಿಗೆಯಲ್ಲಿ ತಂಡವನ್ನು ಕೈಬಿಡಲಿಲ್ಲ. ಬಿಟ್ಟ 100 ಮೀಟರ್ ಅನ್ನು ಅವರದೇ ತಂಡದ ಹೆರಾಲ್ಡ್ ಅಬ್ರಹಾಮ್ಸ್ ಗೆದ್ದರು. ಎರಡನೆಯ ಮಹಾಯುದ್ಧದಲ್ಲಿ ಚೀನಾದ ವೈಷಿಯನ್ ಬಂಧನ ಶಿಬಿರದಲ್ಲಿದ್ದಾಗ, ಭಾನುವಾರ ರೆಫರಿಯಿಲ್ಲದೆ ಹಾಕಿ ಆಡಿ ಹೊಡೆದಾಡಿಕೊಂಡ ಮಕ್ಕಳಿಗಾಗಿ ಅದೇ ಲಿಡೆಲ್ ಮುಂದಿನ ಭಾನುವಾರ ತಾವೇ ರೆಫರಿಯಾಗಿ ನಿಂತರು ಎಂದು ಜೀವನಚರಿತ್ರೆಗಳು ಹೇಳುತ್ತವೆ. 1945ರಲ್ಲಿ ಅಲ್ಲಿಯೇ ತೀರಿಕೊಂಡರು.

ನ್ಯೂಜಿಲೆಂಡಿನ ರಗ್ಬಿ ಆಟಗಾರ ಮೈಕೆಲ್ ಜೋನ್ಸ್ ಅವರ ಉದಾಹರಣೆ ನಮ್ಮ ತಂಡಕ್ಕೆ ಇನ್ನೂ ಹತ್ತಿರ, ಏಕೆಂದರೆ ಅದು ತಂಡದ ಆಟ. 1987ರ ವಿಶ್ವಕಪ್ ಸೆಮಿಫೈನಲ್ ಭಾನುವಾರ ಬಿತ್ತು, ಅವರು ಆಡಲಿಲ್ಲ. ತಂಡ ಗೆದ್ದಿತು, ಶನಿವಾರದ ಫೈನಲ್‌ನಲ್ಲಿ ಅವರು ಟ್ರೈ ಹೊಡೆದು ಅಂಕ ತಂದರು. 1991ರಲ್ಲೂ ಸೆಮಿಫೈನಲ್ ಭಾನುವಾರವೇ, ಆಗಲೂ ಆಡಲಿಲ್ಲ, ತಂಡ ಆಸ್ಟ್ರೇಲಿಯಾಕ್ಕೆ ಸೋತಿತು. ಒಂದೇ ನಿಲುವು, ಎರಡು ಫಲಿತಾಂಶ. ನಮ್ಮಲ್ಲೂ ಆ ಆಟಗಾರ್ತಿ ಸೀಸನ್ ಶುರುವಿನಲ್ಲೇ ಎಲ್ಲರ ಮುಂದೆ ತನ್ನ ನಿಲುವು ಹೇಳಿದಳು, ಅವಳ ಜಾಗಕ್ಕೆ ಇನ್ನೊಬ್ಬಳು ಭಾನುವಾರಗಳಿಗೆ ತಯಾರಾದಳು. ಆಡದವಳು ಹೆಚ್ಚು ಪವಿತ್ರಳಲ್ಲ, ಆಡುವವಳು ಕಡಿಮೆ ವಿಶ್ವಾಸಿಯಲ್ಲ ಎಂಬುದನ್ನು ಅಕ್ಕ ಸ್ಪಷ್ಟವಾಗಿ ಹೇಳಿದ್ದರಿಂದ ಬೇರೆ ಬೇರೆ ಸಭೆಗಳ ಹುಡುಗಿಯರ ನಡುವಿನ ಹಳೆಯ ಗುಸುಗುಸು ನಿಂತಿತು.

ಪಂದ್ಯ ಮುಗಿದ ಮೇಲೆ ಎದುರು ತಂಡದವರ ಜೊತೆ ಸೇರಿ ಪ್ರಾರ್ಥಿಸುವುದು ಇನ್ನೊಂದು ಪದ್ಧತಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ 1990ರ ಡಿಸೆಂಬರ್ 3ರಂದು ನ್ಯೂಯಾರ್ಕ್ ಜೈಂಟ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಆಟಗಾರರು ಮೈದಾನದ ಮಧ್ಯೆ ಒಟ್ಟಿಗೆ ಮಂಡಿಯೂರಿದ ಮೇಲೆ ಅದು ಅಲ್ಲಿ ರೂಢಿಯಾಗಿದೆ. ನಮ್ಮಲ್ಲಿ ಕೆಲವು ಪಂದ್ಯಗಳ ನಂತರ ನಾಲ್ಕೈದು ಹುಡುಗಿಯರು ಬಲೆಯ ಕೆಳಗೆ ದಾಟಿ ಹೋಗಿ ನಿಂತದ್ದುಂಟು. ಸೋತ ದಿನ ಹೋಗಲು ಮನಸ್ಸು ಗಟ್ಟಿ ಬೇಕು. ನಾಕ್‌ಔಟ್‌ನಲ್ಲಿ ಸೋತ ಸಂಜೆ ಮೊದಲು ಹೋದವಳು ನಮ್ಮ ಲಿಬೆರೊ.

ಕೋಚ್‌ಗಳಿಗೆ ಈ ಸೇವೆಯಲ್ಲಿ ಏನೂ ಇಲ್ಲ, ಇದು ನನ್ನ ಕೊನೆಯ ತಕರಾರು. ಹದಿನಾಲ್ಕು ಜನರಲ್ಲಿ ಎಂಟು ಜನರನ್ನು ಪ್ರತಿ ವಾರ ಹೊರಗೆ ಕೂರಿಸುವ ಭಾರ ಅವರದು. ಸೋತಾಗ ಕ್ಲಬ್ಬಿನ ಮಾತು ಕೇಳುವವರೂ ಅವರೇ. ಅವರಿಗೊಂದು ಪ್ರತ್ಯೇಕ ಭೇಟಿ ಇರಬೇಕು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಅಕ್ಕನಿಗೆ ಮಾತ್ರ ಅಂದರೆ ಐದಕ್ಕೆ ಐದು. ತೆಗೆದುಕೊಳ್ಳುವ ಕ್ಲಬ್‌ಗಳು ಸಹಿ ಹಾಕುವ ಮೊದಲು ಬರುವ ವ್ಯಕ್ತಿಯನ್ನೇ ಭೇಟಿಯಾಗಿ, ಆಟಗಾರ್ತಿಯ ಮಾತನ್ನು ಕೋಚ್ ಕೇಳಿದರೆ ಏನು ಮಾಡುತ್ತೀರಿ ಎಂದು ಕೇಳಿ. ಬದಲಿಗೆ ಯಾರು ಬರುತ್ತಾರೆ, ಅವರನ್ನೂ ಮೊದಲೇ ನೋಡಬಹುದೇ ಎಂದು ಕೇಳಿ. ಪ್ರಾರ್ಥನೆಗೆ ಬೇರೆ ಕೋಣೆ ಇಡಿ. ನಾವು ಮುಂದಿನ ಸೀಸನ್ನಿಗೂ ಒಪ್ಪಂದ ಮುಂದುವರಿಸಿದ್ದೇವೆ, ಬದಲಿ ಚಾಪ್ಲಿನ್‌ರನ್ನು ಕ್ಲಬ್ ಒಪ್ಪಿದ ಮೇಲೆಯೇ ಕಳುಹಿಸಬೇಕು ಎಂಬ ಷರತ್ತನ್ನು ಈ ಸಲ ಸೇರಿಸಿದ್ದೇವೆ. ಹೊಸದಾಗಿ ಸೇರಿದ ಆಟಗಾರ್ತಿಯರಿಗೆ ಚೆಂಡು ತಾಗಿದ್ದನ್ನು ಹೇಳುವ ಒಪ್ಪಂದವನ್ನು ವಿವರಿಸುವ ಕೆಲಸವನ್ನು ಅಂದು ಡ್ರೆಸ್ಸಿಂಗ್ ರೂಮಿನಲ್ಲಿ ಸಿಟ್ಟಾಗಿದ್ದ ಆ ಹಿರಿಯಳೇ ವಹಿಸಿಕೊಂಡಿದ್ದಾಳೆ.